ಮಗಳ ಸರದಿಗೆ ಕಾದದ್ದು

ಮಗಳಿಗೆ 7 ತಿಂಗಳಾಗಿದ್ದಾಗ ನಾನು ದಿನವಿಡೀ ವೀಕ್ಷಕ ವಿವರಣೆ ಕೊಡುತ್ತಿದ್ದೆ. ಇದು ಚಮಚ, ಇದು ಬಟ್ಟಲು, ಅಲ್ಲಿ ನೋಡು ಫ್ಯಾನ್. ಮಗುವಿನೊಡನೆ ಮಾತನಾಡಿದಷ್ಟೂ ಒಳ್ಳೆಯದೆಂದು ಓದಿದ್ದೆನಲ್ಲ! ಅವಳು ಒಂದಿಷ್ಟು ನೋಡಿ ಮುಖ ತಿರುಗಿಸುತ್ತಿದ್ದಳು. ಮಲ್ಪೆಯ ನಮ್ಮ ಮನೆಯ ಜಗಲಿಯಲ್ಲಿ ಅತ್ತೆಯ ಕ್ರಮವೇ ಬೇರೆ. ಮಗು 'ಬಬ್ಬಬ್ಬ' ಎಂದರೆ ತಾವೂ 'ಬಬ್ಬಬ್ಬ' ಎಂದು ಸುಮ್ಮನಾಗುತ್ತಿದ್ದರು. ಮಗು ಕಾಲು ಬಡಿದು ಮತ್ತೆ ಶುರು. ನಾನು ಅವಳಿಗೆ ಸರದಿಯನ್ನೇ ಕೊಟ್ಟಿರಲಿಲ್ಲ.

ಅಂದಿನಿಂದ ಬೈರಾಸಿನ, ಅಂದರೆ ಟವೆಲ್ಲಿನ, ಆಟ. ಮುಖ ಮುಚ್ಚಿಕೊಂಡು 'ಅಮ್ಮ ಎಲ್ಲಿ?' ಎಂದು ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಬಾಯಿಬಡುಕಿಯಾದ ನನಗೆ ಅದೇ ಕಷ್ಟ, ಮೂರಕ್ಕೇ ಬಾಯಿ ತೆರೆದುಬಿಡುತ್ತಿದ್ದೆ. ಕಾಯುವುದು ರೂಢಿಯಾದ ಮೇಲೆ ಒಂದು ದಿನ ಆಚೆಯಿಂದ 'ಆ!' ಎಂಬ ಸದ್ದು ಬಂತು. ಆ ಕ್ಷಣವೇ ಬೈರಾಸು ಇಳಿಸಿದೆ. ತಾನು ಕೂಗಿದರೆ ಅಮ್ಮ ಪ್ರತ್ಯಕ್ಷ ಎಂದು ಗೊತ್ತಾದ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ.

ಉಣ್ಣಿಸುವಾಗ ಕೆಲವು ದಿನ ಮೊಬೈಲ್ ಹಿಡಿದದ್ದೂ ಉಂಟು. ಅದರೊಳಗಿನ ಹಾಡು ಮಗುವಿಗಾಗಿ ನಿಲ್ಲುವುದಿಲ್ಲ, ಹಾಗಾಗಿ ಬಿಟ್ಟೆ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

10ನೆಯ ತಿಂಗಳಲ್ಲಿ ಬೆರಳು ತೋರಿಸತೊಡಗಿದಳು. ನಾನು ದುಡ್ಡು ಕೊಟ್ಟು ತಂದ ಚಿತ್ರದ ಕಾರ್ಡುಗಳತ್ತ ಅಲ್ಲ, ಮೀನಿನ ಬುಟ್ಟಿ ಇಳಿಸಿದಲ್ಲಿಗೆ ಓಡಿ ಬರುವ ಬೆಕ್ಕಿನತ್ತ. ಕಾರ್ಡುಗಳು ಕಪಾಟು ಸೇರಿದವು. ಅವಳು ತೋರಿಸಿದ್ದರ ಹೆಸರನ್ನಷ್ಟೇ ಹೇಳುತ್ತಿದ್ದೆ, ತುಟಿ ಕಾಣುವಂತೆ ಅವಳೆದುರು ಕುಕ್ಕರಗಾಲಿನಲ್ಲಿ ಕುಳಿತು. ಪ, ಬ, ಮ ಮಕ್ಕಳಿಗೆ ಬೇಗ ಒಲಿಯುವ ಅಕ್ಷರಗಳು.

ನಾನು ಕನ್ನಡ, ಅತ್ತೆ ತುಳು. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಎಂದು ನೆಂಟರೊಬ್ಬರು ಹೆದರಿಸಿದರು. ಎರಡು ಭಾಷೆ ಕೇಳುವುದರಿಂದ ಮಾತು ಹಿಂದೆ ಬೀಳುವುದಿಲ್ಲ, ಎರಡರ ಪದಗಳನ್ನೂ ಸೇರಿಸಿ ಎಣಿಸಬೇಕು ಅಷ್ಟೆ. ಚಿಂತಿಸಬೇಕಾದದ್ದು ಬೇರೆ: 12 ತಿಂಗಳಾದರೂ ತೊದಲದಿದ್ದರೆ, ಬೆರಳು ತೋರಿಸದಿದ್ದರೆ ವೈದ್ಯರಲ್ಲಿ ಹೋಗಿ ಶ್ರವಣ ಪರೀಕ್ಷೆ ಮಾಡಿಸಬೇಕು. ನಮ್ಮವಳಿಗೆ ಅದು ಹುಟ್ಟಿದಾಗಲೇ ಆಗಿತ್ತು.

13ನೆಯ ತಿಂಗಳಲ್ಲಿ ಮೊದಲ ಮಾತು ಬಂತು. ನೂರು ಸಲ 'ಬೆಕ್ಕು, ಬೆಕ್ಕು' ಎಂದವಳು ನಾನು. ಅಂಗಳದತ್ತ ಬೆರಳು ಚಾಚಿ ಅವಳು ಅಂದದ್ದು 'ಪುಚ್ಚೆ'. ಅತ್ತೆ ನನ್ನತ್ತ ನೋಡಲೇ ಇಲ್ಲ, ಸೆರಗಿನಲ್ಲಿ ನಗುತ್ತಿದ್ದರು.