ಗುಜರಿಗೆ ಹೋಗಬೇಕಿದ್ದ ಮಾಸ್ಟರ್ ಸಿಲಿಂಡರ್‌ಗೆ ಸ್ಲೀವ್ ಹಾಕಿಸಿದೆ

ಎರಡು ಮಳೆಗಾಲ ಕಳೆಯಿತು. ನನ್ನ 1986ರ ಮಹೀಂದ್ರಾ ಜೀಪಿನ ಬ್ರೇಕ್ ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಭಾಗ) ಒಂದು ಹನಿ ಆಯಿಲ್ ಹೊರಗೆ ಬಂದಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಿಂಗಲ್ ಸರ್ಕ್ಯೂಟ್ ಗಾಡಿ ಇದು, ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನ್. ಒಳಗಿನ ಒಂದು ಕಪ್ (ಆಯಿಲ್ ತಡೆಯುವ ರಬ್ಬರ್ ಸೀಲ್) ಕೈಕೊಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಸಿಲಿಂಡರ್ ಇರುವುದು ಕಾಲಡಿಯಲ್ಲಿ, ಚಾಸಿ ಪಕ್ಕ. ಮಲ್ಪೆಯ ಉಪ್ಪುಗಾಳಿ, ಮಳೆಗಾಲದ ಕೆಸರು ನೀರು ಎಲ್ಲ ಅದಕ್ಕೇ ಹೊಡೆಯುತ್ತದೆ. ಬೂಟ್ (ತುದಿಯ ರಬ್ಬರ್ ಮುಸುಕು) ಸ್ವಲ್ಪ ಹರಿದರೂ ಬೋರ್, ಅಂದರೆ ಸಿಲಿಂಡರ್‌ನ ಒಳಮೈ, ತುಕ್ಕು ಹಿಡಿಯುತ್ತದೆ.

ಮೊದಲು ಎಲ್ಲರ ಹಾಗೆ ಕಿಟ್, ಅಂದರೆ ಹೊಸ ರಬ್ಬರ್ ಭಾಗಗಳ ಸೆಟ್, ಹಾಕಿದೆ. 350 ರೂಪಾಯಿ ಇರಬೇಕು. ಎರಡು ತಿಂಗಳಿಗೆ ಮತ್ತೆ ಪೆಡಲ್ ಕೆಳಗೆ ಎಣ್ಣೆ ಪಸೆ. ಇನ್ನೊಂದು ಕಿಟ್, ಜೊತೆಗೆ ಹೋನಿಂಗ್ (ಬೋರ್ ಉಜ್ಜಿ ನಯ ಮಾಡುವುದು). ಅದು ಮೂರು ವಾರ. ಟಾರ್ಚ್ ಹಾಕಿ ನೋಡಿದರೆ ಬೋರ್‌ನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಗಳು. ಅಂಥದ್ದನ್ನು ಹೋನ್ ಮಾಡಿ ತೆಗೆಯುತ್ತಾ ಹೋದರೆ ಬೋರ್ ದೊಡ್ಡದಾಗುತ್ತದೆ, ಕಪ್ ಸಡಿಲ ಆಗುತ್ತದೆ. ಆಮೇಲೆ ಮಂಗಳೂರಿನ ಬಂದರ್‌ನಿಂದ 1,800 ಕೊಟ್ಟು ಹೊಸ ಸಿಲಿಂಡರ್ ತಂದೆ. ಡುಪ್ಲಿಕೇಟ್ ಮಾಲು. ಒಂದೇ ಮಳೆಗಾಲಕ್ಕೆ ಅದೂ ಸೋರಿತು. ಅಷ್ಟು ಹೊತ್ತಿಗೆ ಆಯಿಲ್, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರ ದಾಟಿತ್ತು.

ಹಳೇ ಸಿಲಿಂಡರ್‌ಗೇ ಸ್ಟೀಲ್ ಸ್ಲೀವ್ (ಬೋರ್ ಒಳಗೆ ಕೂರುವ ತೆಳು ಕೊಳವೆ) ಹಾಕಿಸುತ್ತೇನೆ ಅಂದೆ. ಸಂತೆಕಟ್ಟೆಯ ನನ್ನ ಮೆಕ್ಯಾನಿಕ್ ಒಪ್ಪಲಿಲ್ಲ. "ಎಂತ ಮಾರಾಯ್ರೆ, ಬ್ರೇಕಲ್ಲಿ ಆಟ ಆಡ್ಬೇಡಿ. ಅದನ್ನು ಗುಜರಿಗೆ ಹಾಕಿ" ಅಂದರು. ಅವರ ಹೆದರಿಕೆ ಸರಿಯೇ. ಆದರೆ ಬೋಟಿನ ಪಂಪ್‌ಗಳಿಗೆ ಸ್ಲೀವ್ ಹಾಕುವ ಲೇತ್‌ನವರು ಮಲ್ಪೆಯಲ್ಲಿ ಇದ್ದಾರೆ. ಅವರ ಕೈ ಎಂಥದ್ದು ಅಂತ ನನಗೆ ಗೊತ್ತಿತ್ತು.

ಬೋರ್ ಒಂದು ಇಂಚು. ಅದನ್ನು ಸುಮಾರು ಮೂರು ಮಿಲಿಮೀಟರ್ ದೊಡ್ಡದು ಮಾಡಿಸಿ, ಒಂದೂವರೆ ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಲೀವ್ ಮಾಡಿಸಿದೆ. ಸ್ಲೀವನ್ನು ರಾತ್ರಿಯಿಡೀ ಮೀನಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟೆ. ಸಿಲಿಂಡರನ್ನು ನೀರು ಬಿದ್ದರೆ ಚುಯ್ ಅನ್ನುವಷ್ಟು ಬಿಸಿ ಮಾಡಿದೆ. ಸ್ಲೀವ್ ಒತ್ತಿದರೆ ಗಟ್ಟಿಯಾಗಿ ಕೂತಿತು. ಆಮೇಲೆ ಒಳಗೆ ಹೋನ್ ಮಾಡಿ ಅಳತೆಗೆ ತಂದರು. ಹಿತ್ತಾಳೆ ಹಾಕಿ ಅಂತ ಕೆಲವರು ಹೇಳಿದ್ದರು, ಕೆಲಸ ಸುಲಭ ಅಂತ. ನನಗೆ ಸ್ಟೇನ್‌ಲೆಸ್ಸೇ ಬೇಕಿತ್ತು.

ಕಷ್ಟ ಇದ್ದದ್ದು ತೂತಿನಲ್ಲಿ. ಸ್ಲೀವ್ ಕೂತ ಮೇಲೆ ಆಯಿಲ್ ಡಬ್ಬಿಯಿಂದ ಬರುವ ಎರಡೂ ತೂತು ಮುಚ್ಚಿಹೋಗುತ್ತವೆ. ಚಿಕ್ಕದು ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಅದು ಹಿಂದೆ ಸರಿದರೆ ಕಪ್ ಕೆಳಗೆ ಸಿಕ್ಕಿ ಬ್ರೇಕ್ ಬಿಡುವುದಿಲ್ಲ. ಮುಂದೆ ಹೋದರೆ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಹಾಗಾಗಿ ಬೀಡಿನ ಹಳೇ ತೂತಿನ ಒಳಗಿಂದಲೇ ಡ್ರಿಲ್ ಇಳಿಸಿದೆವು. ಎರಡು ಬಿಟ್ ಮುರಿದವು.

ಮೊದಲ ಸಲ ಹತ್ತು ದಿನ ಚೆನ್ನಾಗಿ ಓಡಿತು. ಹನ್ನೊಂದನೇ ದಿನ ಪೆಡಲ್ ಮೆಲ್ಲಗೆ ಇಳಿಯತೊಡಗಿತು, ಹೊರಗೆ ಸೋರಿಕೆ ಇಲ್ಲ. ಬಿಚ್ಚಿದರೆ ಪ್ರೈಮರಿ ಕಪ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ಕೊಯ್ದ ಗೆರೆ. ಚಿಕ್ಕ ತೂತಿನ ಒಳಬಾಯಿಯಲ್ಲಿ ಉಳಿದಿದ್ದ ಬರ್ (ಡ್ರಿಲ್ ಮಾಡಿದಾಗ ಏಳುವ ಚೂಪು ಅಂಚು) ಅದನ್ನು ಕೊಯ್ದಿತ್ತು. ಆ ಬರ್ ತೆಗೆಯಲು ನಾನೇ ಒಂದು ಉಪಾಯ ಹುಡುಕಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಮರಿ ಪೇಪರ್‌ನಿಂದ ಆಗುವ ಕೆಲಸ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ನಡುವೆ ಇನ್ನೊಂದು ನೋಡಿದೆ. ಹಳೇ ಕಪ್‌ಗಳನ್ನು ಮೂರು ಬಾಟಲಿಯಲ್ಲಿ ಹಾಕಿಟ್ಟೆ. ಒಂದರಲ್ಲಿ ಬ್ರೇಕ್ ಆಯಿಲ್, ಒಂದರಲ್ಲಿ ಇಂಜಿನ್ ಆಯಿಲ್, ಇನ್ನೊಂದರಲ್ಲಿ ಸೀಮೆಎಣ್ಣೆ. ಮೂರು ದಿನಕ್ಕೆ ಸೀಮೆಎಣ್ಣೆಯದ್ದು ಊದಿ ಬೋರ್ ಒಳಗೇ ಹೋಗಲಿಲ್ಲ. ಇಂಜಿನ್ ಆಯಿಲ್‌ನದ್ದೂ ಮೆತ್ತಗಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಕಿಟ್ ಹಾಕುವವರು ಈಗಲೂ ಜಾಸ್ತಿ ಇದ್ದಾರೆ, ಅಲ್ವಾ? ನಾನೀಗ ಸ್ಪಿರಿಟ್ ಬಿಟ್ಟು ಬೇರೆ ಏನೂ ತಾಗಿಸುವುದಿಲ್ಲ. ಜೋಡಿಸುವಾಗ ಬ್ರೇಕ್ ಆಯಿಲ್‌ನಲ್ಲೇ ಅದ್ದುತ್ತೇನೆ.

ಎರಡನೇ ಸಲ ಹೊಸ ಕಿಟ್, ಹೊಸ ಬೂಟ್, ಡಾಟ್ 3 ಆಯಿಲ್. ಗಾಡಿಗೆ ಏರಿಸುವ ಮೊದಲೇ ವೈಸ್‌ನಲ್ಲಿ ಹಿಡಿದು ಏರ್ ತೆಗೆದೆ. ಪೆಡಲ್‌ನಿಂದ ಬರುವ ಪುಶ್ ರಾಡ್‌ಗೆ ಒಂದು ಮಿಲಿಮೀಟರ್ ಪ್ಲೇ (ಸಡಿಲ) ಬಿಟ್ಟೆ. ಲೇತ್ ಕೆಲಸಕ್ಕೆ 1,100 ಆಯಿತು. ಉಳಿದದ್ದು ಸೇರಿ 1,900 ಇರಬಹುದು.

ಒಂದು ವಾರ ಊರೊಳಗೇ, ಮೆಲ್ಲಗೆ ಓಡಿಸಿದೆ. ಪ್ರತಿದಿನ ಆಯಿಲ್ ಮಟ್ಟ ನೋಡುತ್ತಿದ್ದೆ, ಕದಲಲಿಲ್ಲ. ಆಮೇಲೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತಿದೆ. ಇಳಿಯುವಾಗ ಹದಿನಾಲ್ಕು ತಿರುವಿನಲ್ಲೂ ಪೆಡಲ್ ಒಂದೇ ಎತ್ತರದಲ್ಲಿ ಗಟ್ಟಿಯಾಗಿ ನಿಂತಿತು. ಸೋಮೇಶ್ವರದಲ್ಲಿ ಇಳಿದು ನಾಲ್ಕೂ ಡ್ರಮ್‌ನ ಹತ್ತಿರ ಕೈ ಹಿಡಿದು ನೋಡಿದೆ. ಬಿಸಿ ಸಮ ಇತ್ತು. ಯಾವುದೂ ಹಿಡಿದುಕೊಂಡಿರಲಿಲ್ಲ. ಮನೆಗೆ ಬಂದು ಬೂಟ್ ಸರಿಸಿ ಬೆರಳು ಹಾಕಿದೆ. ಒಣಗಿತ್ತು.

ಸಂತೆಕಟ್ಟೆಯವರು ತಾವೇ ಪೆಡಲ್ ಒತ್ತಿ ಐದು ನಿಮಿಷ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಕಳೆದ ತಿಂಗಳು ಒಂದು ಅಂಬಾಸಿಡರ್‌ನ ಸಿಲಿಂಡರ್ ಕಳಿಸಿದ್ದಾರೆ, ಸ್ಲೀವ್ ಹಾಕಿಸಿಕೊಡಿ ಅಂತ.