ಸಬ್ಟಿಲೋಸಿನ್ ವಂಶವಾಹಿಯ ಮೇಲಿನ ಎರಡು ಹಿಡಿತಗಳನ್ನು ಬೇರ್ಪಡಿಸಿ ಅಳೆದ ಬಗೆ: ನನ್ನ ಅನುಭವ

ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯವು ತನ್ನ ಸೂಕ್ಷ್ಮಜೀವಿನಾಶಕ ಪೆಪ್ಟೈಡ್‌ಗಳನ್ನು ಎಲ್ಲ ಹೊತ್ತಿನಲ್ಲೂ ಒಂದೇ ಸಮನೆ ತಯಾರಿಸುವುದಿಲ್ಲ. ಆಹಾರ ಧಾರಾಳವಾಗಿದ್ದು ಕೋಶಗಳು ಬೇಗಬೇಗನೆ ವಿಭಜನೆಗೊಳ್ಳುತ್ತಿರುವಾಗ ಆ ವಂಶವಾಹಿಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಬೆಳವಣಿಗೆ ನಿಧಾನವಾಗತೊಡಗಿದಾಗ ಕೆಲಸ ಶುರುಮಾಡುತ್ತವೆ. ಆದರೆ ಫ್ಲಾಸ್ಕಿನೊಳಗೆ ಬೆಳವಣಿಗೆ ನಿಧಾನವಾಗುವ ಆ ಹೊತ್ತಿನಲ್ಲಿ ಒಂದಲ್ಲ, ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ: ಆಹಾರ ತೀರುತ್ತಾ ಬರುತ್ತದೆ, ಕೋಶಗಳು ದಟ್ಟವಾದಂತೆ ಆಮ್ಲಜನಕವೂ ಸಾಲದಾಗುತ್ತದೆ. ವಂಶವಾಹಿಯನ್ನು ಎಚ್ಚರಿಸಿದ್ದು ಇವುಗಳಲ್ಲಿ ಯಾವುದು ಎಂಬುದನ್ನು ಬರಿಯ ಬೆಳವಣಿಗೆಯ ರೇಖೆ ಹೇಳಲಾರದು. ಸಬ್ಟಿಲೋಸಿನ್-ಎ ಎಂಬ ಪೆಪ್ಟೈಡಿನ ವಿಷಯದಲ್ಲಿ ಈ ಎರಡನ್ನೂ ಬೇರ್ಪಡಿಸಿ ಅಳೆಯಲು ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸಬ್ಟಿಲೋಸಿನ್-ಎ 35 ಅಮೈನೋ ಆಮ್ಲಗಳ ಪೆಪ್ಟೈಡ್. ಇದರ ತಲೆಯೂ ಬಾಲವೂ ಕೂಡಿಕೊಂಡು ಉಂಗುರವಾಗಿರುತ್ತವೆ. ಒಳಗೆ ಮೂರು ಕಡೆ ಸಿಸ್ಟೀನಿನ ಗಂಧಕವು ಬೇರೊಂದು ಅಮೈನೋ ಆಮ್ಲದ ಆಲ್ಫಾ ಇಂಗಾಲಕ್ಕೆ ನೇರವಾಗಿ ಬೆಸೆದುಕೊಂಡಿರುತ್ತದೆ. ಎಸ್‌ಬಿಓ-ಎ ವಂಶವಾಹಿಯಿಂದ ಮೊದಲು ಹುಟ್ಟುವುದು 43 ಅಮೈನೋ ಆಮ್ಲಗಳ ಪೂರ್ವರೂಪ. ಅದರ ಮುಂದಿನ ತುಣುಕು ಕತ್ತರಿಸಿಹೋಗಿ, ಉಳಿದದ್ದಕ್ಕೆ ಈ ಬೆಸುಗೆಗಳು ಬೀಳಬೇಕು. ಅದಕ್ಕೆ ಬೇಕಾದ ಆಲ್ಬ್ ವಂಶವಾಹಿಗಳು ಅದೇ ಆಪೆರಾನಿನಲ್ಲಿ (ಒಟ್ಟಿಗೆ ಓದಲ್ಪಡುವ ವಂಶವಾಹಿಗಳ ಸಾಲಿನಲ್ಲಿ) ಎಸ್‌ಬಿಓ-ಎ ಹಿಂದೆಯೇ ಸಾಲಾಗಿ ನಿಂತಿವೆ. ಈ ಆಪೆರಾನಿನ ಮೇಲೆ ಎರಡು ಸ್ವತಂತ್ರ ಹಿಡಿತಗಳಿವೆ ಎಂಬುದು 2000ದಲ್ಲಿಯೇ ಪ್ರಕಟವಾದ ವಿಷಯ: ಅಬ್ರ್‌ಬಿ ಎಂಬ ದಮನಕ ಪ್ರೋಟೀನು ಅದನ್ನು ತಡೆಯುತ್ತದೆ, ಆಮ್ಲಜನಕದ ಕೊರತೆಗೆ ಸ್ಪಂದಿಸುವ ರೆಸ್‌ಡಿ–ರೆಸ್‌ಇ ಜೋಡಿ ಅದನ್ನು ಚುರುಕುಗೊಳಿಸುತ್ತದೆ. ಆದ್ದರಿಂದ ನನ್ನದು ಹೊಸ ಶೋಧವೇನೂ ಅಲ್ಲ. ನಾನು ಬಳಸುವ ತಳಿಯಲ್ಲಿ, ನಾನು ಬಳಸುವ ಮಾಧ್ಯಮದಲ್ಲಿ, ಯಾವ ಹಿಡಿತದ ಪಾಲು ಎಷ್ಟು ಎಂಬುದು ಮಾತ್ರ ನನಗೆ ಬೇಕಿತ್ತು.

ಮೊದಲ ಆಯ್ಕೆ ಸೂಚಕ ವಂಶವಾಹಿಯದು, ಅಂದರೆ ನಾವು ಗಮನಿಸುವ ವಂಶವಾಹಿ ಎಷ್ಟು ಚುರುಕಾಗಿದೆ ಎಂಬುದನ್ನು ಕಣ್ಣಿಗೆ ಕಾಣಿಸಿಕೊಡುವ ವಂಶವಾಹಿಯದು. ಈಗ ಬಹಳಷ್ಟು ಮಂದಿ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನೇ ಬಳಸುತ್ತಾರೆ, ಅದು ಅನುಕೂಲವೂ ಹೌದು. ಆದರೆ ಜಿಎಫ್‌ಪಿಯ ಬಣ್ಣಕೇಂದ್ರ ಪಕ್ವವಾಗಲು ಆಮ್ಲಜನಕವೇ ಬೇಕು. ಆಮ್ಲಜನಕವಿಲ್ಲದ ಕಲ್ಚರಿನಲ್ಲಿ ಹೊಳಪು ಕಾಣದಿದ್ದರೆ ವಂಶವಾಹಿ ನಿಂತಿದೆಯೋ ಪ್ರೋಟೀನು ಪಕ್ವವಾಗಿಲ್ಲವೋ ತಿಳಿಯುವುದಿಲ್ಲ. ಆದ್ದರಿಂದ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವವನ್ನು ಕೊಡುವ ಹಳೆಯ ಲ್ಯಾಕ್-ಝಡ್ ವಂಶವಾಹಿಯನ್ನೇ ಹಿಡಿದೆ. ಎಸ್‌ಬಿಓ ಪ್ರೊಮೋಟರನ್ನು (ವಂಶವಾಹಿಯ ಓದು ಶುರುವಾಗುವ ಡಿಎನ್‌ಎ ಭಾಗವನ್ನು) ಲ್ಯಾಕ್-ಝಡ್ ಮುಂದೆ ಜೋಡಿಸಿದ ಪ್ಲಾಸ್ಮಿಡ್ಡನ್ನು ಕತ್ತರಿಸಿ ನೇರವಾಗಿಸಿ, ಬ್ಯಾಸಿಲಸ್ ಸಬ್ಟಿಲಿಸ್‌ನ 168 ತಳಿಯ ಅಮೈ-ಇ (ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿ) ಜಾಗದಲ್ಲಿ ಸೇರಿಸಿದೆ. ಈ ತಳಿ ಹೊರಗಿನ ಡಿಎನ್‌ಎಯನ್ನು ತಾನಾಗಿಯೇ ಒಳಗೆಳೆದುಕೊಳ್ಳುವುದರಿಂದ ಸೇರಿಸುವ ಕೆಲಸ ಸುಲಭ. ಸರಿಯಾದ ಜಾಗಕ್ಕೇ ಸೇರಿದೆಯೇ ಎಂದು ನೋಡುವುದರಲ್ಲಿ ಮಾತ್ರ ಅವಸರ ಸಲ್ಲದು. ಪಿಷ್ಟದ ಅಗಾರ್ ಮೇಲೆ ಬೆಳೆಸಿದ ಕಾಲೊನಿಗಳಿಗೆ ಅಯೋಡಿನ್ ಹರಿಸಿದರೆ ಅಮೈಲೇಸ್ ಉಳಿದಿರುವ ಕಾಲೊನಿಯ ಸುತ್ತ ಬಣ್ಣವಿಲ್ಲದ ವಲಯ ಬಿಡುತ್ತದೆ, ಅಮೈ-ಇ ಮುರಿದಿರುವ ಕಾಲೊನಿಯ ಅಂಚಿನವರೆಗೂ ಕಡುನೀಲಿ ಹಬ್ಬುತ್ತದೆ. ಅಯೋಡಿನ್ ಸೋಕಿದ ಕಾಲೊನಿಗಳನ್ನೇ ಮುಂದಕ್ಕೆ ಬಳಸುವ ಬದಲು, ಅದೇ ಕಾಲೊನಿಗಳ ಪ್ರತಿಯನ್ನು ಇನ್ನೊಂದು ತಟ್ಟೆಯಲ್ಲಿ ಮೊದಲೇ ಇಟ್ಟುಕೊಂಡಿರುವುದು ಒಳ್ಳೆಯದು.

ಆಮೇಲೆ ಅದೇ ಸೂಚಕವನ್ನು ಹೊತ್ತ ಮ್ಯುಟೆಂಟ್ ತಳಿಗಳನ್ನು, ಅಂದರೆ ಒಂದೋ ಎರಡೋ ವಂಶವಾಹಿಗಳನ್ನು ಅಳಿಸಿದ ತಳಿಗಳನ್ನು, ಕಟ್ಟಿದೆ: ಅಬ್ರ್‌ಬಿ ಇಲ್ಲದ್ದು, ಸ್ಪೋ0ಎ ಇಲ್ಲದ್ದು, ಎರಡೂ ಇಲ್ಲದ್ದು, ರೆಸ್‌ಡಿ ಇಲ್ಲದ್ದು, ಕೊನೆಗೆ ಅಬ್ರ್‌ಬಿ ಮತ್ತು ರೆಸ್‌ಡಿ ಎರಡೂ ಇಲ್ಲದ್ದು. ಸ್ಪೋ0ಎ ಇಲ್ಲಿಗೆ ಏಕೆ ಬಂತೆಂದರೆ, ಹಸಿವಿನ ಸುದ್ದಿ ಅಬ್ರ್‌ಬಿಗೆ ತಲುಪುವುದು ಅದರ ಮೂಲಕವೇ. ಆಹಾರ ಕಡಿಮೆಯಾದಾಗ ಕೈನೇಸ್ ಎಂಬ ಕಿಣ್ವಗಳಿಂದ ಹೊರಟ ಫಾಸ್ಫೇಟ್ ಸ್ಪೋ0ಎಫ್, ಸ್ಪೋ0ಬಿ ಎಂಬ ಪ್ರೋಟೀನುಗಳನ್ನು ದಾಟಿ ಸ್ಪೋ0ಎಗೆ ಬಂದು ಸೇರುತ್ತದೆ. ಫಾಸ್ಫೇಟ್ ಹೊತ್ತ ಸ್ಪೋ0ಎ ಸ್ವಲ್ಪ ಪ್ರಮಾಣದಲ್ಲಿದ್ದರೂ ಅಬ್ರ್‌ಬಿ ವಂಶವಾಹಿಯನ್ನು ಅಡಗಿಸುತ್ತದೆ, ಅಬ್ರ್‌ಬಿಯ ಮಟ್ಟ ಇಳಿದಂತೆ ಅದು ತಡೆದಿದ್ದ ವಂಶವಾಹಿಗಳು ಬಿಡುಗಡೆಯಾಗುತ್ತವೆ. ಅಂದರೆ ಇದು ತಡೆಯುವುದನ್ನು ತಡೆಯುವ ಏರ್ಪಾಡು. ಸ್ಪೋ0ಎ ಇಲ್ಲದ ತಳಿಯಲ್ಲಿ ಸೂಚಕ ಮಂಕಾಗಿದ್ದು, ಎರಡೂ ಇಲ್ಲದ ತಳಿಯಲ್ಲಿ ಮತ್ತೆ ಚುರುಕಾದರೆ ಮಾತ್ರ ಸ್ಪೋ0ಎ ತನ್ನ ಪ್ರಭಾವವನ್ನು ಅಬ್ರ್‌ಬಿ ಮೂಲಕ ಬೀರುತ್ತಿದೆ ಎನ್ನಬಹುದು. ಒಂದೊಂದೇ ವಂಶವಾಹಿಯನ್ನು ಅಳಿಸಿದ ತಳಿಗಳಷ್ಟರಿಂದಲೇ ನಿಯಂತ್ರಣದ ನಕ್ಷೆ ಬರೆಯುವವರ ಧೈರ್ಯ ನನಗಿಲ್ಲ. ನನ್ನ ಲೆಕ್ಕದಲ್ಲಿ ಜೋಡಿ ಮ್ಯುಟೆಂಟೇ ನಿಜವಾದ ಸಾಕ್ಷಿ. ಸ್ಪೋ0ಎ ಹೋಗಿದೆಯೆಂಬುದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ: ಬೀಜಕ ಮಾಧ್ಯಮದಲ್ಲಿ ಬೆಳೆಸಿದ ಕಲ್ಚರನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಹರಡಿದರೆ, ಬೀಜಕ ಕಟ್ಟಲಾರದ ಆ ತಳಿಯಿಂದ ಕಾಲೊನಿಗಳು ಮೇಲೇಳುವುದಿಲ್ಲ.

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡಿದ್ದು ಗಾಳಿಯ ವಿಷಯ. ಗಾಳಿ ಸಾಕಷ್ಟಿರುವ ಕಲ್ಚರ್ ಬೇಕೆಂದರೆ ಫ್ಲಾಸ್ಕಿನ ಹತ್ತನೇ ಒಂದು ಭಾಗದಷ್ಟು, ಅಂದರೆ 250 ಮಿಲಿಲೀಟರಿನದರಲ್ಲಿ 25 ಮಿಲಿಲೀಟರ್, ಮಾತ್ರ ಮಾಧ್ಯಮ ಹಾಕಿ ಜೋರಾಗಿ ಅಲುಗಿಸಬೇಕು. ಅರ್ಧ ತುಂಬಿದ ಫ್ಲಾಸ್ಕಿನಲ್ಲಿ ಅದೇ ತಳಿ ಬೇರೆಯೇ ಕತೆ ಹೇಳುತ್ತದೆ. ಆಮ್ಲಜನಕವಿಲ್ಲದ ಬೆಳವಣಿಗೆಗೆ ಕೊಳವೆಗಳನ್ನು ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿದೆ. ಇಂಥ ಸ್ಥಿತಿಯಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ನೈಟ್ರೇಟಿನಿಂದ ಉಸಿರಾಡಬಲ್ಲದು. ಆದರೆ ಆ ಉಸಿರಾಟಕ್ಕೇ ರೆಸ್‌ಡಿ ಬೇಕು. ನೈಟ್ರೇಟ್ ಹಾಕಿದ ಮಾಧ್ಯಮದಲ್ಲಿ ರೆಸ್‌ಡಿ ಇಲ್ಲದ ತಳಿಯನ್ನು ಮೂಲ ತಳಿಯ ಪಕ್ಕದಲ್ಲಿಟ್ಟು ಹೋಲಿಸಿದರೆ ನಾವು ಅಳೆಯುವುದು ಪ್ರೊಮೋಟರಿನ ಚಟುವಟಿಕೆಯನ್ನಲ್ಲ, ಆ ತಳಿಯ ಪಾಡನ್ನು. ಆದ್ದರಿಂದ ಎಲ್ಲ ತಳಿಗಳಿಗೂ ಗ್ಲೂಕೋಸ್ ಜೊತೆ ಪೈರುವೇಟ್ ಕೊಟ್ಟು ಹುದುಗುವಿಕೆಯಿಂದಲೇ ಬೆಳೆಯುವಂತೆ ಮಾಡಿದೆ. ರೆಸ್‌ಡಿ ಇಲ್ಲದ ತಳಿಯ ಬೆಳವಣಿಗೆ ಆಗಲೂ ಹಿಂದೆ ಬೀಳುತ್ತದೆ. ಹಾಗಾಗಿ ಗಡಿಯಾರವನ್ನು ನೋಡಿ ಮಾದರಿ ತೆಗೆಯದೆ, ವೇಗದ ಬೆಳವಣಿಗೆ ಮುಗಿದ ಕ್ಷಣವನ್ನು ಪ್ರತಿ ತಳಿಗೂ ಶೂನ್ಯವೆಂದು ಹಿಡಿದು ಅದರ ಹಿಂದೆಮುಂದೆ ಮಾದರಿ ತೆಗೆದೆ. 168 ತಳಿ ಟ್ರಿಪ್ಟೊಫಾನನ್ನು ತಾನೇ ತಯಾರಿಸಿಕೊಳ್ಳಲಾರದು, ಆದ್ದರಿಂದ ಕನಿಷ್ಠ ಮಾಧ್ಯಮವಾದರೆ ಅದನ್ನೂ ಸೇರಿಸಬೇಕು.

ಅಳತೆಯ ಕ್ರಮ ಹಳೆಯದೇ. ಕೋಶಗಳನ್ನು ಝಡ್ ಬಫರಿನಲ್ಲಿ ಕದಡಿ ಲೈಸೋಜೈಮ್ ಹಾಕಿ ಒಡೆದು, ಚೂರುಗಳನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ, ಮೇಲಿನ ತಿಳಿಗೆ ಓಎನ್‌ಪಿಜಿ (ಬೀಟಾ-ಗ್ಯಾಲಕ್ಟೊಸಿಡೇಸ್ ಒಡೆದಾಗ ಹಳದಿ ಬಣ್ಣ ಬಿಡುವ ವಸ್ತು) ಸೇರಿಸಿದರೆ ದ್ರವ ನಿಧಾನವಾಗಿ ಹಳದಿಯಾಗುತ್ತದೆ. ಬಣ್ಣ ಸ್ಪಷ್ಟವಾದಾಗ, ಗಾಢವಾಗುವ ಮೊದಲೇ, ಸೋಡಿಯಂ ಕಾರ್ಬೊನೇಟ್ ಹಾಕಿ ನಿಲ್ಲಿಸಿ 420 ನ್ಯಾನೊಮೀಟರಿನಲ್ಲಿ ಓದಬೇಕು. ಕಾರ್ಬೊನೇಟ್ ಬಿದ್ದೊಡನೆ ಕ್ಷಾರತೆ ಏರಿ ಹಳದಿ ಇನ್ನಷ್ಟು ಕಡುವಾಗುವುದನ್ನು ಮೊದಲ ಸಲ ಮಾಡುವವರು ಕಂಡು ಗಾಬರಿಯಾಗಬೇಕಿಲ್ಲ. ಸೂಚಕವಿಲ್ಲದ ತಳಿಯೊಂದನ್ನು ಅದೇ ಮಾಧ್ಯಮದಲ್ಲಿ ಬೆಳೆಸಿ ಅದರ ಓದನ್ನು ಕಳೆಯಲೇಬೇಕು. ಇನ್ನೊಂದು ಎಚ್ಚರ: ಬೀಟಾ-ಗ್ಯಾಲಕ್ಟೊಸಿಡೇಸ್ ಬೇಗ ಕರಗಿಹೋಗುವ ಕಿಣ್ವವಲ್ಲ. ರೇಖೆ ಏರಿದ್ದನ್ನು ನಂಬಬಹುದು. ಅದು ಮಟ್ಟವಾಗಿ ನಿಂತಿದೆಯೆಂದರೆ ಪ್ರತಿಲೇಖನ (ವಂಶವಾಹಿಯಿಂದ ಆರ್‌ಎನ್‌ಎ ಪ್ರತಿ ತಯಾರಾಗುವುದು) ಮುಂದುವರಿದಿದೆ ಎಂದು ಹೇಳಲಾಗದು.

ಗಾಳಿ ಸಾಕಷ್ಟಿದ್ದಾಗ ಮೂಲ ತಳಿಯ ಸೂಚಕ ಶೂನ್ಯದ ಹೊತ್ತಿನವರೆಗೆ ಕೆಳಗಿದ್ದು ಆಮೇಲೆ ಏರಿತು. ಅಬ್ರ್‌ಬಿ ಇಲ್ಲದ ತಳಿ ವೇಗವಾಗಿ ಬೆಳೆಯುತ್ತಿರುವಾಗಲೇ ಹಳದಿ ಕೊಟ್ಟಿತು. ಸ್ಪೋ0ಎ ಇಲ್ಲದ್ದು ಕೊನೆಯವರೆಗೂ ಕೆಳಗೇ ಉಳಿಯಿತು. ಸ್ಪೋ0ಎ ಮತ್ತು ಅಬ್ರ್‌ಬಿ ಎರಡೂ ಇಲ್ಲದ್ದು ಅಬ್ರ್‌ಬಿ ಇಲ್ಲದ್ದನ್ನೇ ಹೋಲಿತು. ಇಷ್ಟು ನಿರೀಕ್ಷಿತವೇ. ಆಮ್ಲಜನಕವಿಲ್ಲದ ಕೊಳವೆಗಳಲ್ಲಿ ಮೂಲ ತಳಿಯ ಓದು ಗಾಳಿಯಲ್ಲಿದ್ದುದಕ್ಕಿಂತ ಬಹಳ ಮೇಲಿತ್ತು, ರೆಸ್‌ಡಿ ಇಲ್ಲದ ತಳಿಯಲ್ಲಿ ಆ ಏರಿಕೆ ಕುಸಿಯಿತು. ನನಗೆ ಮುಖ್ಯವೆನಿಸಿದ್ದು ಅಬ್ರ್‌ಬಿ ಮತ್ತು ರೆಸ್‌ಡಿ ಎರಡೂ ಇಲ್ಲದ ತಳಿ: ಗಾಳಿಯಲ್ಲಿ ಅದರ ಸೂಚಕ ಬೆಳವಣಿಗೆಯ ನಡುವೆಯೇ ತೆರೆದುಕೊಂಡಿತು, ಗಾಳಿ ತಪ್ಪಿಸಿದಾಗ ಮಾತ್ರ ಆ ಹೆಚ್ಚುವರಿ ಏರಿಕೆ ಬರಲಿಲ್ಲ. ತಡೆಯನ್ನು ತೆಗೆದ ಮಾತ್ರಕ್ಕೆ ಒತ್ತಾಸೆ ಸಿಗುವುದಿಲ್ಲ. ಒಂದು ಹಿಡಿತ ಇನ್ನೊಂದರ ಕೆಳಗಿಲ್ಲ. ಅರ್ಧ ತುಂಬಿದ ಫ್ಲಾಸ್ಕಿನಲ್ಲಿ ಕಾಣುತ್ತಿದ್ದ ಏರಿಕೆಯಲ್ಲಿ ಎರಡೂ ಬೆರೆತಿದ್ದವು.

ಇದೆಲ್ಲ ಪ್ರತಿಲೇಖನದ ಲೆಕ್ಕ, ಪೆಪ್ಟೈಡಿನದಲ್ಲ. ಅಗಾರ್ ಮೇಲೆ ಸೂಕ್ಷ್ಮಸಂವೇದಿ ಬ್ಯಾಕ್ಟೀರಿಯವನ್ನು ಹರಡಿ ತಿಳಿ ವಲಯವನ್ನು ಅಳೆಯುವ ಪದ್ಧತಿಯನ್ನು ನಾನು ಒಂಟಿಯಾಗಿ ನಂಬುವುದಿಲ್ಲ. 168 ತಳಿ ಎಸ್‌ಎಫ್‌ಪಿ ವಂಶವಾಹಿಯ ದೋಷದಿಂದ ಸರ್ಫ್ಯಾಕ್ಟಿನ್ ತಯಾರಿಸದಿದ್ದರೂ, ಬ್ಯಾಸಿಲೈಸಿನ್ನನ್ನೂ ಎಸ್‌ಪಿ-ಬೀಟಾ ಪ್ರೊಫೇಜಿನಿಂದ (ಬ್ಯಾಕ್ಟೀರಿಯದ ಡಿಎನ್‌ಎಯಲ್ಲಿ ಸೇರಿಕೊಂಡಿರುವ ವೈರಸ್ಸಿನಿಂದ) ಬರುವ ಸಬ್ಲ್ಯಾನ್ಸಿನ್ನನ್ನೂ ತಯಾರಿಸುತ್ತದೆ, ಇವುಗಳೂ ವಲಯ ಬಿಡಬಲ್ಲವು. ಎಸ್‌ಬಿಓ-ಎ ಅಳಿಸಿದ ತಳಿಯನ್ನು ಪಕ್ಕದಲ್ಲಿಡದ ವಲಯಕ್ಕೆ ಅರ್ಥ ಕಡಿಮೆ. ತೂಕದ ಸಾಕ್ಷಿ ಹೆಚ್ಚು ಗಟ್ಟಿ: ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಸಬ್ಟಿಲೋಸಿನ್ ಸುಮಾರು 3400 ಡಾಲ್ಟನ್ ಬಳಿ ಕಾಣುತ್ತದೆ, ಅದು 35 ಅಮೈನೋ ಆಮ್ಲಗಳ ತೆರೆದ ಸರಪಳಿಗಿಂತ 24 ಕಡಿಮೆ, ಉಂಗುರವಾಗುವಾಗ ಹೋದ ನೀರಿನ ಅಣುವಿಗೆ 18, ಮೂರು ಬೆಸುಗೆಗಳಲ್ಲಿ ಹೋದ ಹೈಡ್ರೋಜನ್‌ಗಳಿಗೆ 6. ಆ ಬೆಸುಗೆ ಹಾಕುವ ಆಲ್ಬ್-ಎ ಕಬ್ಬಿಣ–ಗಂಧಕದ ಗೊಂಚಲುಗಳುಳ್ಳ ಕಿಣ್ವ, ಅಂಥವು ಆಮ್ಲಜನಕಕ್ಕೆ ಸುಲಭವಾಗಿ ಹಾಳಾಗುತ್ತವೆ. ಗಾಳಿ ಕಡಿಮೆಯಾದಾಗಲೇ ಈ ಆಪೆರಾನ್ ಚುರುಕಾಗುವುದಕ್ಕೆ ಅದೂ ಒಂದು ಕಾರಣವಿರಬಹುದೆಂಬುದು ನನ್ನ ಊಹೆ. ಅದನ್ನು ಪರೀಕ್ಷಿಸಲು ಗಾಳಿಯಲ್ಲಿ ಬೆಳೆದ ಅಬ್ರ್‌ಬಿ ಇಲ್ಲದ ತಳಿಯ ದ್ರವದಲ್ಲಿ ಬೆಸುಗೆ ಬೀಳದ ಪೂರ್ವರೂಪದ ತೂಕವನ್ನು ಈಗ ಹುಡುಕುತ್ತಿದ್ದೇನೆ.