ತಾಸಿನ ಲೆಕ್ಕದಲ್ಲಿ ಭಿನ್ನರಾಶಿ ಕಲಿಸಿದ್ದು

ಆರನೇ ತರಗತಿಗೆ ಭಿನ್ನರಾಶಿ ಕಲಿಸುವಾಗ ನಾನು ಲ.ಸಾ.ಅ.ದಿಂದ (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎಲ್ಲ ಛೇದಗಳಿಂದಲೂ ಸರಿಯಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಶುರು ಮಾಡುವುದಿಲ್ಲ. ತಾಸು, ನಿಮಿಷದಿಂದ ಶುರು ಮಾಡುತ್ತೇನೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ನಮ್ಮ ಕುಮಟಾ ಕಡೆಯ ಮಕ್ಕಳನ್ನು ಕೇಳಿ. 'ಒಂದೂಮುಕ್ಕಾಲು ತಾಸು' ಅಂತ ಥಟ್ಟನೆ ಹೇಳುತ್ತಾರೆ. ಮಿಶ್ರ ಭಿನ್ನರಾಶಿ ಅವರ ಬಾಯಲ್ಲೇ ಇದೆ, ಕಾಗದದ ಮೇಲೆ ಬರಬೇಕು ಅಷ್ಟೇ.

60 ತುಂಬಾ ಅನುಕೂಲದ ಸಂಖ್ಯೆ. 2, 3, 4, 5, 6, 10, 12 ಎಲ್ಲದರಿಂದಲೂ ಸರಿಯಾಗಿ ಭಾಗವಾಗುತ್ತದೆ. ಬ್ಯಾಬಿಲೋನಿನವರು ಲೆಕ್ಕಕ್ಕೆ 60ನ್ನು ಹಿಡಿದುಕೊಂಡದ್ದು ನಮ್ಮ ಪುಣ್ಯ. 3/5 ದೊಡ್ಡದೋ 2/3 ದೊಡ್ಡದೋ? 36 ನಿಮಿಷ, 40 ನಿಮಿಷ. ಹೋಲಿಕೆ ಮುಗಿಯಿತು.

ಕೂಡುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿಬಿಡುವ ಅಭ್ಯಾಸ ಎಲ್ಲ ಕಡೆ ಇದೆ. 1/2 + 1/3 = 2/5 ಅಂತ ಬರೆದವರಿಗೆ 'ತಪ್ಪು' ಅನ್ನುವುದಿಲ್ಲ, 'ನಿಮಿಷ ಮಾಡಿ ನೋಡು' ಅನ್ನುತ್ತೇನೆ. 2/5 ಅಂದರೆ 24 ನಿಮಿಷ. ಅರ್ಧ ತಾಸಿಗೆ ಇನ್ನೂ 20 ನಿಮಿಷ ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತದಾ? ಮಕ್ಕಳೇ ಅಳಿಸಿ 5/6 ಬರೆಯುತ್ತಾರೆ.

ನಿಜವಾದ ಕಷ್ಟ ಇರುವುದು ಕಳೆಯುವುದರಲ್ಲಿ. 3 1/4 ರಿಂದ 1 2/3 ಕಳೆಯಬೇಕು. ಛೇದ 12 ಮಾಡಿದರೆ 3 3/12 ಮತ್ತು 1 8/12. ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದಿಂದ ಒಂದು ಕಡ ತರಬೇಕು. ಇಲ್ಲಿ ಮಕ್ಕಳು 2 13/12 ಅಂತ ಬರೆಯುತ್ತಾರೆ. ಯಾಕೆ? ಮೂರನೇ ತರಗತಿಯಿಂದ ಕಡ ತಂದದ್ದೆಲ್ಲ ಹತ್ತೇ ಅಲ್ವಾ! ಇದು ಅಜಾಗ್ರತೆಯಲ್ಲ, ಹಳೆಯ ಪಾಠವನ್ನು ನಿಷ್ಠೆಯಿಂದ ಪಾಲಿಸಿದ್ದು. ಅದಕ್ಕೇ ಬೈದರೆ ಪ್ರಯೋಜನವಿಲ್ಲ. ಅದೇ ಲೆಕ್ಕವನ್ನು ಪಕ್ಕದಲ್ಲಿ ತಾಸಿನಲ್ಲಿ ಮಾಡಿಸುತ್ತೇನೆ: 3 ತಾಸು 15 ನಿಮಿಷದಿಂದ 1 ತಾಸು 40 ನಿಮಿಷ ಕಳೆಯಬೇಕು. ಒಂದು ತಾಸು ಮುರಿದರೆ ಸಿಗುವುದು 10 ನಿಮಿಷವಲ್ಲ, 60. ಆಗ 2 ತಾಸು 75 ನಿಮಿಷ. ಉಳಿದದ್ದು 1 ತಾಸು 35 ನಿಮಿಷ. ಹನ್ನೆರಡು ಭಾಗದ ತಾಸನ್ನು ಮುರಿದರೆ 12 ಸಿಗಬೇಕು, ಅಂದರೆ 2 15/12. ಉತ್ತರ 1 7/12. 35 ನಿಮಿಷ ಅಂದರೂ ಅದೇ 7/12.

ಎಲ್ಲವನ್ನೂ ವಿಷಮ ಭಿನ್ನರಾಶಿ ಮಾಡಿ ಕಳೆಯುವ ದಾರಿಯೂ ಸರಿಯೇ. ಆದರೆ 18 1/4 ರಿಂದ 15 2/3 ಕಳೆಯುವಾಗ ಸುಮ್ನೆ 219/12, 188/12 ಅಂತ ದೊಡ್ಡ ಸಂಖ್ಯೆ ಎಳೆದುಕೊಂಡು ಬರಬೇಕಾಗುತ್ತದೆ. ಉತ್ತರ ಎರಡೂವರೆಯ ಆಸುಪಾಸು ಅನ್ನುವ ಅಂದಾಜೂ ತಪ್ಪಿಹೋಗುತ್ತದೆ. ನನಗೆ ಆ ಅಂದಾಜು ಜಾಸ್ತಿ ಮುಖ್ಯ.

ಕೊನೆಗೆ ಬೇಕಂತಲೇ 2/7 + 1/3 ಕೊಡುತ್ತೇನೆ. 60 ನಿಮಿಷ ಏಳು ಪಾಲಾಗುವುದಿಲ್ಲ. ತರಗತಿ ಸ್ವಲ್ಪ ಹೊತ್ತು ಗುಜುಗುಜು ಅನ್ನುತ್ತದೆ. ಒಂದು ಸಲ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಕ್ಕೋರೇ, ಒಂದು ತಾಸಿಗೆ 21 ನಿಮಿಷ ಅಂತ ಇಟ್ಕೊಂಡ್ರೆ ಆಗ್ತದಾ?" ಅಂದಳು. ಆಗ್ತದೆ ಅಂದೆ. 6 ಮತ್ತು 7 ಕೂಡಿ 13/21 ಬರೆದಳು. ಲ.ಸಾ.ಅ. ಅನ್ನುವ ಹೆಸರನ್ನು ನಾನು ಹಲಗೆಯ ಮೇಲೆ ಬರೆದದ್ದು ಅದಾದ ಮೇಲೆ.